ಮಡಿಲ ಮಗುವಿನ ಗಗನಯಾನ

ಎತ್ತಿನ ಗಾಡಿಯ ಪಯಣದಲ್ಲಿ ಮಗು ಅತ್ತರೆ ಮರದ ನೆರಳಿನಲ್ಲಿ ನೊಗ ಇಳಿಸಬಹುದಾಗಿತ್ತು. ರೈಲಿನಲ್ಲಾದರೆ ಮುಂದಿನ ನಿಲ್ದಾಣವು ಬಂದೇ ಬರುತ್ತಿತ್ತು. ವಿಮಾನಕ್ಕೆ ನಡುದಾರಿಯ ತಂಗುದಾಣವೆಂಬುದಿಲ್ಲ. ನೆಲವನ್ನು ಬಿಟ್ಟ ಮೇಲೆ ಬೇಕಾದುದೆಲ್ಲವೂ ಕೈಚೀಲದಲ್ಲಿಯೇ ದೊರೆಯಬೇಕು. ಆದುದರಿಂದ ಹಸುಗೂಸನ್ನೆತ್ತಿಕೊಂಡು ಆಕಾಶಕ್ಕೇರುವ ತಂದೆತಾಯಿಗಳು ಬುತ್ತಿಯೊಡನೆ ಒಂದಿಷ್ಟು ತಿಳಿವಳಿಕೆಯನ್ನೂ ಕಟ್ಟಿಕೊಳ್ಳುವುದು ಲೇಸು.

ವಿಮಾನದಲ್ಲಿ ಮಗು ಅಳುವುದೇಕೆ? ಹಠವೆಂದು ಕೆಲವರು, ದೃಷ್ಟಿಯೆಂದು ಕೆಲವರು ಹೇಳುವುದುಂಟು. ಬಹುಮಟ್ಟಿಗೆ ಕಾರಣವಿರುವುದು ಕಿವಿಯಲ್ಲಿ. ವಿಮಾನವು 35,000 ಅಡಿಗಳ ಎತ್ತರದಲ್ಲಿ ಹಾರುತ್ತಿರುವಾಗ ಒಳಗಿನ ಗಾಳಿಯ ಒತ್ತಡವು 6,000ದಿಂದ 8,000 ಅಡಿ ಎತ್ತರದ ಗಿರಿಶಿಖರದಲ್ಲಿರುವಷ್ಟು ಮಾತ್ರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯನ್ನು ಇದಕ್ಕೆ ಉದಾಹರಿಸಬಹುದು. ಏರುವಾಗ ನಡುಗಿವಿಯ ಗಾಳಿಯು ಸುಲಭವಾಗಿ ಹೊರಹೋಗುತ್ತದೆ. ಇಳಿಯುವಾಗಲಾದರೋ ಹೊರಗಿನ ಒತ್ತಡವು ಹೆಚ್ಚುತ್ತ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಗಂಟಲಿಗೂ ನಡುಗಿವಿಗೂ ನಡುವೆ ಇರುವ ಯೂಸ್ಟೇಶಿಯನ್ ನಾಳವು ತೆರೆದರೆ ನೋವು ತಗ್ಗುವುದು. ಆದರೆ ಶಿಶುಗಳಲ್ಲಿ ಈ ನಾಳವು ಇನ್ನೂ ಕಿರಿದು. ನುಂಗಿದಾಗಲೆಲ್ಲ ಅದು ತೆರೆಯುತ್ತದೆ. ವಿಮಾನವು ನೆಲವನ್ನು ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಇಳಿಯತೊಡಗುವುದರಿಂದ, ಆಗ ಮಗು ನಿದ್ರಿಸುತ್ತಿದ್ದರೆ ಎಬ್ಬಿಸಿ ಹಾಲೂಡಿಸಬೇಕು. ತುಸು ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಟ್ಟರಾಯಿತು. ನೆಗಡಿಯೋ ಕಿವಿನೋವೋ ಇದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಒಳ್ಳೆಯದು.

ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶವು ಅನೇಕ ವೇಳೆ ಶೇಕಡಾ 20ಕ್ಕಿಂತಲೂ ಕಡಮೆ. ಹಾಗಾಗಿ ಪಯಣದುದ್ದಕ್ಕೂ ಮಗುವಿಗೆ ಆಗಾಗ ಹಾಲು ಕುಡಿಸುತ್ತಿರಬೇಕು. ಚೀಲದಲ್ಲಿ ಮಗುವಿನ ಬದಲಿ ಬಟ್ಟೆಗಳ ಜೊತೆಗೆ ಎತ್ತಿಕೊಳ್ಳುವವರದೂ ಒಂದು ಜೊತೆ ಇರಲಿ. ಮಗು ಕಕ್ಕಿದರೆ ತೋಯುವುದು ಇಬ್ಬರ ಉಡುಪೂ ಹೌದಷ್ಟೆ. ಮಗುವಿನ ವಯಸ್ಸಿನ ದಾಖಲೆಯನ್ನು ಮರೆಯಬಾರದು. ಪರದೇಶಕ್ಕಾದರೆ ಹಾಲುಗಲ್ಲದ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು.

ಇನ್ನು ಎಲ್ಲಕ್ಕಿಂತ ಗಹನವಾದ ಪ್ರಶ್ನೆ ಮಡಿಲಿನದು. ಎರಡು ವರ್ಷ ತುಂಬದ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಪಯಣಿಸಲು ಅವಕಾಶವುಂಟು. ತಾಯಿಯ ಮಡಿಲಿಗಿಂತ ಕ್ಷೇಮವಾದ ತಾಣವಿಲ್ಲವೆಂದು ನಾವು ನಂಬಿದ್ದೇವೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ನಡೆದ ಯುನೈಟೆಡ್ 232ನೆಯ ವಿಮಾನದ ದುರಂತವು ಈ ನಂಬಿಕೆಯನ್ನು ಅಲುಗಾಡಿಸಿತು. ಅದರಲ್ಲಿದ್ದ 296 ಮಂದಿಯ ಪೈಕಿ ನಾಲ್ವರು ಮಡಿಲ ಮಕ್ಕಳು. ಅಂದಿನ ಕ್ರಮದಂತೆ ಅವರನ್ನು ಹೊದಿಕೆ ದಿಂಬುಗಳ ನಡುವೆ ನೆಲದ ಮೇಲಿರಿಸಲು ತಂದೆತಾಯಿಗಳಿಗೆ ಹೇಳಲಾಯಿತು. ಅಪ್ಪಳಿಸಿದ ಹೊಡೆತಕ್ಕೆ ಯಾವ ಕೈಗಳೂ ಸಾಲವು. ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ಆ ಸೂಚನೆಯನ್ನು ನೀಡಿದ್ದ ಹಿರಿಯ ಪರಿಚಾರಿಕೆ ಜಾನ್ ಬ್ರೌನ್, ಮಕ್ಕಳಿಗೂ ಪ್ರತ್ಯೇಕ ಆಸನ ಕಡ್ಡಾಯವಾಗಬೇಕೆಂದು ಮುಂದೆ ಬಹುಕಾಲ ಹೋರಾಡಿದರು.

ಅಮೆರಿಕದ ವಿಮಾನಯಾನ ಆಡಳಿತವು 2005ರಲ್ಲಿ ಇದಕ್ಕೆ ಒಪ್ಪಲಿಲ್ಲ. ಅದರ ವಾದವೂ ತಳ್ಳಿಹಾಕುವಂಥದಲ್ಲ: ಕೂಸಿಗೂ ಟಿಕೆಟ್ ಕೊಳ್ಳಬೇಕಾದರೆ ಅನೇಕ ಕುಟುಂಬಗಳು ಮೋಟಾರಿನಲ್ಲಿ ಹೊರಟಾವು, ರಸ್ತೆಯಲ್ಲಿ ಸಾವುಗಳು ವಿಮಾನದಲ್ಲಿಗಿಂತ ಹೆಚ್ಚು. ಹೀಗೆ ಕಡ್ಡಾಯ ಮಾಡದಿದ್ದರೂ, ಮಗುವನ್ನು ಅದರದೇ ಆಸನದಲ್ಲಿ, ಒಪ್ಪಿಗೆ ಪಡೆದ ಶಿಶುಪೀಠದಲ್ಲಿ ಕೂರಿಸುವುದೇ ಕ್ಷೇಮವೆಂದು ಅದೇ ಆಡಳಿತವು ಸಲಹೆ ನೀಡುತ್ತದೆ. ಶಕ್ತಿಯುಳ್ಳವರು ಇದನ್ನು ಪಾಲಿಸಬೇಕು. ಉಳಿದವರು ತಮ್ಮ ಸೊಂಟಪಟ್ಟಿಯೊಳಗೇ ಮಗುವನ್ನೂ ಸೇರಿಸಿ ಬಿಗಿಯಲಾಗದು. ಹಾಗೆ ಮಾಡಿದಲ್ಲಿ ಹೊಡೆತ ಬಿದ್ದಾಗ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆಯೇ ಬೀಳುತ್ತದೆ.

ಒಳಗಿನ ಒತ್ತಡವು ಕುಸಿದು ಆಮ್ಲಜನಕದ ಮುಖವಾಡಗಳು ಇಳಿಬಿದ್ದಾಗ ಮೊದಲು ತಾವು ಧರಿಸಿ ಅನಂತರ ಮಗುವಿಗೆ ತೊಡಿಸಬೇಕೆಂಬ ಸೂಚನೆಯು ತಾಯ್ತನಕ್ಕೆ ವಿರುದ್ಧವೆಂದು ತೋರಬಹುದು. ಆದರೆ 35,000 ಅಡಿಗಳಲ್ಲಿ ಎಚ್ಚರವುಳಿಯುವುದು ಅರ್ಧದಿಂದ ಒಂದು ನಿಮಿಷ ಮಾತ್ರ. ತಾಯಿ ಮೂರ್ಛೆ ಹೋದರೆ ಮಗುವಿಗೆ ತೊಡಿಸುವವರಾರು?

ಇಷ್ಟೆಲ್ಲ ಸಿದ್ಧತೆಯ ಬಳಿಕವೂ ಮಗು ಅತ್ತೀತು. ಆಗ ಪಕ್ಕದಲ್ಲಿ ಕುಳಿತವರು ಹುಬ್ಬು ಗಂಟಿಕ್ಕದೆ, ಆ ತಾಯಿಯ ಕೈಯಿಂದ ಜಾರುತ್ತಿರುವ ಹಾಲಿನ ಬಾಟಲಿಯನ್ನು ಒಂದು ಗಳಿಗೆ ಹಿಡಿದುಕೊಂಡರೆ ಅದೇ ದೊಡ್ಡ ಉಪಕಾರ.