ಹಿತ್ತಲ ಹೂವಿನಿಂದ ಅಮೂರ್ತ ಚಿತ್ರಕ್ಕೆ

ಅಮೂರ್ತ ಚಿತ್ರಕಲೆ ಹೂವನ್ನು ಕಂಡಂತೆಯೇ ಬಿಡಿಸುವುದಿಲ್ಲ. ಅದರ ಬಣ್ಣ, ಎಸಳಿನ ತಿರುವು, ಹೂವಿಗೂ ಹೂವಿಗೂ ನಡುವಿನ ತೆರಪು ಇವುಗಳಲ್ಲಿ ಒಂದೆರಡನ್ನು ಆರಿಸಿಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ 1912ರಲ್ಲಿ ರಚಿಸಿದ ‘ಹೂಬಿಟ್ಟ ಸೇಬಿನ ಮರ’ದಲ್ಲಿ ಒಂದು ಹೂವೂ ಗುರುತಿಗೆ ಸಿಗದು. ಬಾಗಿದ ಗೆರೆಗಳು, ಅವುಗಳ ನಡುವೆ ಮಾಸಲು ಬಣ್ಣದ ತುಣುಕುಗಳು ಇಷ್ಟೇ ಇವೆ. ಆದರೂ ಕೊಂಬೆಗಳ ಹರಹು ಕಣ್ಣಿಗೆ ತಿಳಿಯುತ್ತದೆ.

ಏನನ್ನು ಉಳಿಸಿಕೊಳ್ಳಬೇಕೆಂದು ತಿಳಿಯಲು ಹೂವಿನ ರಚನೆಯನ್ನು ಅರಿಯಬೇಕು. ಕಾರವಾರ, ಅಂಕೋಲೆಗಳ ಬೇಸಿಗೆಯಲ್ಲಿ ಇದಕ್ಕೆ ಬೇಕಾದಷ್ಟು ಮಾದರಿಗಳಿವೆ. ದಾಸವಾಳದ ಐದು ಎಸಳುಗಳು ಒಂದರ ಅಂಚನ್ನು ಇನ್ನೊಂದು ಮುಚ್ಚಿಕೊಂಡಿರುತ್ತವೆ. ನಡುವಿನಿಂದ ಕೇಸರದ ಕಂಬ ಹೊರಚಾಚುತ್ತದೆ. ನಂದಿಬಟ್ಟಲಿನ ಬಿಳಿ ಎಸಳುಗಳು ಗಿರಗಿಟ್ಟೆಯ ರೆಕ್ಕೆಗಳಂತೆ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಅಬ್ಬಲಿಗೆಯ ಕಿತ್ತಳೆ ಎಸಳು ಸುತ್ತಲೂ ಅರಳದೆ ಒಂದೇ ಬದಿಗೆ ಹರಡುತ್ತದೆ. ಕಕ್ಕೆಯ ಜೋಲುವ ಗೊಂಚಲಿನಲ್ಲಿ ಮೇಲೆ ಅರಳಿದ ಹಳದಿ ಹೂ, ಕೆಳತುದಿಯಲ್ಲಿ ದುಂಡು ಮೊಗ್ಗು. ಸುರಗಿಯ ಬಿಳಿ ಎಸಳುಗಳ ನಡುವೆ ಹಳದಿ ಕೇಸರ ಕಿಕ್ಕಿರಿದಿರುತ್ತದೆ.

ಹೂವನ್ನು ಬರಿಯ ಆಕಾರವಾಗಿಸುವ ಕೆಲಸ ಈ ಕರಾವಳಿಗೆ ಹೊಸದಲ್ಲ. ಗೋವಾದಿಂದ ಉಡುಪಿಯವರೆಗಿನ ಹಳೆಯ ದೇವಸ್ಥಾನಗಳ, ಮನೆಗಳ ಗೋಡೆಗಳಲ್ಲಿ ಕಾವಿ ಕಲೆ ಕಾಣಸಿಗುತ್ತದೆ. ಹೊನ್ನಾವರ ಮೂಲದ ಕೃಷ್ಣಾನಂದ ಕಾಮತರು ಈ ಕಲೆಯನ್ನು ದಾಖಲಿಸಿ ನಾಡಿಗೆ ಪರಿಚಯಿಸಿದರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿ ಬಳಿದು, ಗಾರೆ ಹಸಿಯಾಗಿರುವಾಗಲೇ ಚೂಪಾದ ಉಪಕರಣದಿಂದ ಕೆರೆದರೆ ಅಡಿಯ ಬಿಳುಪು ಹೊರಬರುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾದಂತೆ ಚಿತ್ರ ಗೋಡೆಯ ಭಾಗವೇ ಆಗುತ್ತದೆ. ಕೈವಾರದಿಂದ ಎಳೆದ ವೃತ್ತಗಳು ಒಂದನ್ನೊಂದು ಕತ್ತರಿಸಿದಲ್ಲಿ ಎಸಳು ಮೂಡುತ್ತದೆ. ಆ ಹೂವು ಯಾವ ಗಿಡದ್ದೂ ಅಲ್ಲ. ಆದರೂ ಅದು ಹೂವೇ, ಏಕೆಂದರೆ ನಡುವಿನಿಂದ ಹೊರಕ್ಕೆ ಅರಳುವ ಕ್ರಮವನ್ನು ಕಲಾವಿದ ಬಿಟ್ಟಿಲ್ಲ.

ಇಂದಿನ ಚಿತ್ರಕಾರನಿಗೂ ಇದೇ ದಾರಿ. ದಾಸವಾಳ ಸಾಮಾನ್ಯವಾಗಿ ಒಂದೇ ದಿನ ಅರಳಿರುವುದರಿಂದ ಮೊದಲು ಪೆನ್ಸಿಲ್ಲಿನಲ್ಲಿ ಹಲವು ಕೋನಗಳ ರೇಖಾಚಿತ್ರ ಮಾಡಿಕೊಳ್ಳಬೇಕು. ಬಳಿಕ ಹೂವನ್ನು ಬದಿಗಿಟ್ಟು ಆ ರೇಖಾಚಿತ್ರಗಳಿಂದಲೇ ಮತ್ತೆ ಬಿಡಿಸಿ, ಪ್ರತಿ ಸಲವೂ ಕೆಲವು ಗೆರೆಗಳನ್ನು ಕಳೆಯಬೇಕು. ಯಾವ ಗೆರೆ ತೆಗೆದರೆ ಹೂವಿನ ಚಲನೆ ನಿಂತುಹೋಗುತ್ತದೋ ಅದೇ ಚಿತ್ರದ ಬೆನ್ನೆಲುಬು. ಅದನ್ನು ಹಿಗ್ಗಿಸಬಹುದು, ತಲೆಕೆಳಗಾಗಿಸಬಹುದು, ಹಾಳೆಯ ಅಂಚಿನಾಚೆಗೂ ಹರಿಯಬಿಡಬಹುದು.

ಬಣ್ಣದ ಆಯ್ಕೆಯಲ್ಲಿ ಮಿತವಿರಬೇಕು. ಅಬ್ಬಲಿಗೆಯ ಕಿತ್ತಳೆ ನೀಲಿಯ ಪಕ್ಕದಲ್ಲಿ, ಕಕ್ಕೆಯ ಹಳದಿ ನೇರಳೆಯ ಪಕ್ಕದಲ್ಲಿ ಎದ್ದು ಕಾಣುತ್ತದೆ. ಬಣ್ಣದ ಚಕ್ರದಲ್ಲಿ ಇವು ಎದುರುಬದುರು. ಎಳೆ ಬಿಸಿಲಿನಲ್ಲಿ ಬಣ್ಣಗಳ ಏರಿಳಿತ ಸೂಕ್ಷ್ಮವಾಗಿ ಕಾಣುತ್ತದೆ. ನಡುಹಗಲ ಬಿಸಿಲು ಅವನ್ನು ಮಂಕಾಗಿಸುತ್ತದೆ. ಕಡಲ ತೇವದ ಗಾಳಿಯಲ್ಲಿ ಜಲವರ್ಣ ನಿಧಾನವಾಗಿ ಒಣಗುವುದರಿಂದ ಬಣ್ಣಗಳು ಒಂದರೊಳಗೊಂದು ಹರಡಲು ಸಮಯ ಸಿಗುತ್ತದೆ. ಅಂಚು ಖಚಿತವಾಗಿರಬೇಕಾದರೆ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಬಳಿದು, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದನ್ನು ಹಚ್ಚಬೇಕು.

ಕಲಿಯುವವರು ಕಾವಿಯಂತೆ ಕೆಂಪು, ಬಿಳುಪು ಎರಡರಲ್ಲೇ ಆರಂಭಿಸುವುದು ಒಳ್ಳೆಯದು. ಆಕಾರಗಳ ತೂಕ, ತೆರಪಿನ ಬೆಲೆ ಆಗ ಸ್ಪಷ್ಟವಾಗುತ್ತದೆ. ಎರಡೇ ಬಣ್ಣದಲ್ಲಿ ಗಟ್ಟಿಯಾಗಿ ನಿಂತ ಚಿತ್ರಕ್ಕೆ ಮೂರನೆಯದನ್ನು ಸೇರಿಸುವುದು ಕಷ್ಟವಲ್ಲ. ಎರಡರಲ್ಲಿ ನಿಲ್ಲದ್ದನ್ನು ಹತ್ತು ಬಣ್ಣಗಳೂ ನಿಲ್ಲಿಸಲಾರವು.