ಅಚ್ಚಿಗೆ ಕೊಡುವ ಮುನ್ನ

ನವೆಂಬರ್ 1ನೆಯ ತಾರೀಖು ಸಮೀಪಿಸಿತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದೇ ಮಾತು: ರಾಜ್ಯೋತ್ಸವದ ಅಂಗಿಗಳಿಗೆ ಅಚ್ಚು ಹಾಕಿಸುವವರಾರು, ಬಾಗಿಲ ಮೇಲಿನ ಬೋರ್ಡನ್ನು ಎಲ್ಲಿ ಮಾಡಿಸುವುದು, ಸ್ಮರಣ ಸಂಚಿಕೆಯ ಬಣ್ಣದ ರಕ್ಷಾಪುಟಕ್ಕೆ ಎಷ್ಟು ತಗಲೀತು. ಆಂಟಾಪ್ ಹಿಲ್ಲಿನಲ್ಲಿರುವ ನಾವು ಈ ಕೆಲಸಕ್ಕಾಗಿ ದೂರ ಹೋಗಬೇಕಾದುದಿಲ್ಲ. ಒಂದು ಕಡೆಗೆ ವಡಾಲ, ಇನ್ನೊಂದು ಕಡೆಗೆ ಸಯನ್ ದಾಟಿದರೆ ಧಾರಾವಿ. ಬಟ್ಟೆ ಹೊಲಿಯುವವರಿಗೂ ಅಚ್ಚು ಹಾಕುವವರಿಗೂ ಬರವಿಲ್ಲ. ಅವರಲ್ಲಿ ಕನ್ನಡ ಓದಬಲ್ಲವರು ಮಾತ್ರ ವಿರಳ. ಆದುದರಿಂದ ಅಕ್ಷರದ ಹೊಣೆ ಪೂರ್ತಿಯಾಗಿ ನಮ್ಮದೇ ಎಂಬುದನ್ನು ಮೊದಲೇ ಮನಗಾಣಬೇಕು.

ನಾವು ಇದನ್ನು ಕಲಿತದ್ದು ದಂಡ ತೆತ್ತು. ಕೆಲವು ವರ್ಷಗಳ ಹಿಂದೆ 60 ಅಂಗಿಗಳಿಗೆ ಅಚ್ಚು ಹಾಕಿಸಿದೆವು. ಗಂಟು ಬಿಚ್ಚಿ ನೋಡಿದರೆ ಎದೆಯ ಮೇಲೆ 'ಕರ್‌ನಾಟಕ ರಾಜ್‌ಯೋತ್‌ಸವ' ಎಂದಿತ್ತು! ಅಚ್ಚಿನವನನ್ನು ದೂರುವಂತಿರಲಿಲ್ಲ. ಅವನು ಫೋನಿನಲ್ಲಿ ಮಾದರಿ ಕಳುಹಿಸಿದ್ದ; ನಾವು ಗಡಿಬಿಡಿಯಲ್ಲಿ ಬಣ್ಣವನ್ನಷ್ಟೇ ನೋಡಿ 'ಠೀಕ್ ಹೈ' ಎಂದು ಉತ್ತರ ಕೊಟ್ಟಿದ್ದೆವು. ಸದಸ್ಯರು ಸಂಬಳದಲ್ಲಿ ಉಳಿಸಿ ಕೊಟ್ಟ ಹಣ ಅದು. ಹೋಟೆಲಿನಲ್ಲಿ ದುಡಿಯುವ ಹುಡುಗನೊಬ್ಬ, "ಇದನ್ನು ಹಾಕಿಕೊಂಡು ಊರಿಗೆ ಹೇಗೆ ಹೋಗಲಿ, ಅಣ್ಣಾ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಅಕ್ಷರ ಒಡೆಯುವುದೇಕೆ? ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ; ಅರ್ಕಾವತ್ತು ಉಚ್ಚಾರದಲ್ಲಿ ಮುಂಚೆ ಬಂದರೂ ಬರಹದಲ್ಲಿ ಹಿಂದೆ ನಿಲ್ಲುತ್ತದೆ. ಈ ಜೋಡಣೆಯನ್ನು ಅರಿಯದ ಹಳೆಯ ಕಂಪ್ಯೂಟರ್ ತಂತ್ರಾಂಶಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಿಸಿಬಿಡುತ್ತವೆ. ಇನ್ನೊಂದು ತೊಂದರೆಯೂ ಉಂಟು. ನುಡಿ, ಬರಹಗಳ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚು ಮಾಡಿದ್ದು, ಆ ಮಾದರಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. ಎರಡಕ್ಕೂ ಪರಿಹಾರ ಒಂದೇ. ಕನ್ನಡವನ್ನು ನಮ್ಮವರೇ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಅಕ್ಷರಮಾದರಿಯನ್ನು ಒಳಗೊಂಡ ಪಿ.ಡಿ.ಎಫ್. ಆಗಿ ಕೊಡಬೇಕು; ಅಥವಾ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಮಾರ್ಪಡಿಸಿ ಕೊಡಬೇಕು. ಅಚ್ಚಿನವರು ಇದನ್ನೇ 'ಕರ್ವ್' ಮಾಡುವುದು ಎನ್ನುತ್ತಾರೆ. ಅಂಗಡಿಯಲ್ಲಿ ಮತ್ತೆ ಬೆರಳಚ್ಚು ಮಾಡಲು ಬಿಡಲೇಬಾರದು. ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿ ಮಸುಕಾಗುವುದರಿಂದ 'ಡಾಕ್ಯುಮೆಂಟ್' ಎಂದೇ ಕಳುಹಿಸತಕ್ಕದ್ದು.

ಇನ್ನು ಅಂಗಿಯ ಮಾತು. ಸ್ಕ್ರೀನ್ ಅಚ್ಚಿನಲ್ಲಿ ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿಯ ಮೂಲಕ ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಬಟ್ಟೆಯ ಮೇಲೆ ಎಳೆಯುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಬೇಕು. ಚೌಕಟ್ಟಿನ ಖರ್ಚು 10 ಅಂಗಿಗೂ ಅಷ್ಟೇ, 100 ಅಂಗಿಗೂ ಅಷ್ಟೇ. ಆದುದರಿಂದ ಅಂಗಿ ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ. ಕಪ್ಪು ಅಂಗಿಯ ಮೇಲೆ ಹಳದಿ ಮತ್ತು ಕೆಂಪು ಬೇಕೆಂದರೆ ಸಾಮಾನ್ಯವಾಗಿ ಅಡಿಯಲ್ಲೊಂದು ಬಿಳಿಯ ಪದರವೂ ಬೇಕು, ಅಂದರೆ ಮೂರು ಚೌಕಟ್ಟು. ಹಳದಿ ಅಂಗಿಯನ್ನೇ ಕೊಂಡು ಕೆಂಪು ಅಕ್ಷರ ಹಾಕಿಸಿದರೆ ಒಂದೇ ಚೌಕಟ್ಟಿನಲ್ಲಿ ಕೆಲಸ ತೀರಿತು, ನಾಡಿನ ಬಾವುಟದ ಬಣ್ಣವೂ ಆಯಿತು. ನಾಲ್ಕಾರು ಅಂಗಿಗಳು ಮಾತ್ರ ಬೇಕಿದ್ದು ಅದರಲ್ಲಿ ಭಾವಚಿತ್ರವೂ ಇರುವುದಾದರೆ, ಹಾಳೆಯ ಮೇಲೆ ಮುದ್ರಿಸಿ ಬಿಸಿಯೊತ್ತಿನಿಂದ ಬಟ್ಟೆಗೆ ಅಂಟಿಸುವ ಡಿ.ಟಿ.ಎಫ್. ವಿಧಾನ ಅನುಕೂಲ. ಯಾವ ವಿಧಾನವಾದರೂ ಮೊದಲು ಒಂದೇ ಅಂಗಿಗೆ ಅಚ್ಚು ಹಾಕಿಸಿ, ಮನೆಗೆ ತಂದು ಒಗೆದು ನೋಡಿರಿ. ಶಾಯಿಗೆ ಸಾಕಷ್ಟು ಕಾವು ಸಿಕ್ಕಿರದಿದ್ದರೆ ಒಗೆತದಲ್ಲೇ ಅದರ ಗುಟ್ಟು ಬಯಲಾಗುತ್ತದೆ.

ರಕ್ಷಾಪುಟದಂಥ ಬಣ್ಣದ ಮುದ್ರಣವೆಲ್ಲ ನಾಲ್ಕು ಶಾಯಿಗಳ ಆಟ: ತಿಳಿನೀಲಿಯ ಸಯಾನ್, ಕೆನ್ನೇರಳೆಯ ಮೆಜೆಂಟಾ, ಹಳದಿ, ಕಪ್ಪು. ಹಳದಿ ನೇರವಾಗಿ ಬರುತ್ತದೆ. ಕೆಂಪು ಬರುವುದು ಮೆಜೆಂಟಾ ಮತ್ತು ಹಳದಿ ಸೇರಿ. ಫೋನಿನ ಪರದೆ ಬೆಳಕಿನಿಂದ ತೋರಿಸುವ ಕೆಲವು ಉಜ್ವಲ ಬಣ್ಣಗಳು ಕಾಗದದ ಮೇಲೆ ಇಳಿಯುವುದೇ ಇಲ್ಲ. ಅದಕ್ಕಾಗಿ ಬಣ್ಣವನ್ನು ಕಾಗದದ ಮೇಲೆಯೇ ನೋಡಿ ಒಪ್ಪಬೇಕು. ಸಣ್ಣ ಕನ್ನಡ ಅಕ್ಷರಗಳನ್ನು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಲು ಹೇಳಿರಿ. ನಾಲ್ಕು ಶಾಯಿಗಳು ಒಂದರ ಮೇಲೊಂದು ಕೂದಲೆಳೆಯಷ್ಟು ತಪ್ಪಿ ಕುಳಿತರೂ ಒತ್ತುಗಳು ಕಲಸಿಹೋಗುತ್ತವೆ. ಪ್ರತಿಗಳು ಬಹಳವಿದ್ದರೆ ಆಫ್‌ಸೆಟ್, ಕಡಮೆಯಿದ್ದರೆ ಡಿಜಿಟಲ್ ಲಾಭಕರ. ಆಫ್‌ಸೆಟ್ ನಮಗೆ ತೀರ ಹೊಸದೇನೂ ಅಲ್ಲ. ಎಣ್ಣೆಗೂ ನೀರಿಗೂ ಆಗದು ಎಂಬ ತತ್ವದ ಮೇಲೆ ನಡೆಯುತ್ತಿದ್ದ ಕಲ್ಲಚ್ಚಿನ ವಂಶದ್ದೇ ಅದು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಮೂಡಿತ್ತು.

ಬೋರ್ಡಿನ ವಿಷಯದಲ್ಲಿ ಕಾನೂನನ್ನೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ಪ್ರಕಾರ ಸಣ್ಣ ದೊಡ್ಡ ಅಂಗಡಿಗಳೆಲ್ಲವೂ ನಾಮಫಲಕವನ್ನು ದೇವನಾಗರಿ ಲಿಪಿಯ ಮರಾಠಿಯಲ್ಲಿ ಬರೆಸಬೇಕು. ಬೇರೆ ಭಾಷೆಯೂ ಇರಬಹುದು, ಆದರೆ ಮರಾಠಿ ಮೊದಲು ಬರಬೇಕು, ಅದರ ಅಕ್ಷರ ಉಳಿದವಕ್ಕಿಂತ ಚಿಕ್ಕದಾಗಿರಕೂಡದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಪಾಲಿಸಲು ವ್ಯಾಪಾರಿಗಳಿಗೆ ಎರಡು ತಿಂಗಳ ಅವಧಿ ಕೊಟ್ಟಿತು. ಹೋಟೆಲು, ಅಂಗಡಿ ನಡೆಸುವ ನಮ್ಮ ಬಂಧುಗಳು ಇದನ್ನು ಗಮನಿಸಬೇಕು. ವಾಚನಾಲಯದ ಬೋರ್ಡಿಗೂ ನಾವು ಇದೇ ಕ್ರಮವನ್ನು ಹಿಡಿದಿದ್ದೇವೆ: ಮೇಲೆ ಮರಾಠಿ, ಕೆಳಗೆ ಅಷ್ಟೇ ದೊಡ್ಡ ಕನ್ನಡ. ಅನ್ನ ಕೊಟ್ಟ ಊರಿಗೆ ಮರ್ಯಾದೆಯೂ ಆಯಿತು, ನಮ್ಮ ನುಡಿಗೆ ಜಾಗವೂ ಸಿಕ್ಕಿತು. ರಸ್ತೆಯಲ್ಲಿ ಫ್ಲೆಕ್ಸ್ ಕಟ್ಟುವುದಾದರೆ ಮಹಾನಗರಪಾಲಿಕೆಯ ಅನುಮತಿ ಪಡೆಯದೆ ಕಟ್ಟಬೇಡಿರಿ. ದೇವನಾಗರಿಗೆ ಒಗ್ಗಿದ ಕೈ ಕನ್ನಡದ ಸಾಲುಗಳನ್ನು ಒತ್ತೊತ್ತಾಗಿ ಇಡುವುದುಂಟು. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕೊನೆಯ ಸಾಲಿನ ಒತ್ತುಗಳು ಫ್ಲೆಕ್ಸಿನ ಅಂಚಿನ ಮಡಿಕೆಯಲ್ಲಿ ಮರೆಯಾಗುವುದೂ ಉಂಟು. ಸಾಲುಗಳ ನಡುವೆಯೂ ಅಂಚಿನಲ್ಲೂ ಧಾರಾಳವಾಗಿ ಜಾಗ ಬಿಡಿಸಿರಿ.

ಕೊನೆಗೆ ಕರಡಚ್ಚು. ಮುಂಗಡ ಕೊಡುವಾಗಲೇ ಅಳತೆ, ಸಂಖ್ಯೆ, ಜಿ.ಎಸ್.ಟಿ. ಸೇರಿದ ದರ, ಕೊಡುವ ದಿನ, ಇವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಕರಡಚ್ಚು ಒಪ್ಪಿದ ಮೇಲೆಯೇ ಉಳಿದ ಕೆಲಸವೆಂದೂ ಬರೆಸಿರಿ. ಕರಡನ್ನು ಕಾಗದದ ಮೇಲೆ ತೆಗೆಸಿ ಇಬ್ಬರು ಬೇರೆಬೇರೆಯಾಗಿ ಓದಬೇಕು. ಬರೆದವರು ಒಬ್ಬರೇ ಓದಿದರೆ ಸಾಲದು. ತಪ್ಪಿದ್ದರೂ ಕಣ್ಣು ತನಗೆ ಗೊತ್ತಿರುವುದನ್ನೇ ಓದಿಕೊಂಡು ಹೋಗುತ್ತದೆ. ಮೊದಲು ಒತ್ತುಗಳು, ಆಮೇಲೆ ಹೆಸರುಗಳು, ಆಮೇಲೆ ತಾರೀಖು ಮತ್ತು ಫೋನ್ ನಂಬರು. ಸರಿಯೆನಿಸಿದರೆ ಇಬ್ಬರೂ ಸಹಿ ಹಾಕಿ ಕೊಡಿರಿ.

ಮದುವೆಯ ಕರೆಯೋಲೆಯಾಗಲಿ, ಅಂಗಡಿಯ ಬೋರ್ಡಾಗಲಿ, ಆಟದ ತಂಡದ ಅಂಗಿಯಾಗಲಿ, ಕನ್ನಡದ ಕರಡು ಯಾವುದೇ ಇರಲಿ, ಸಾಯಂಕಾಲ ವಾಚನಾಲಯಕ್ಕೆ ತಂದರೆ ನಾವು ಓದಿ ತಿದ್ದಿಕೊಡುತ್ತೇವೆ. ಅದಕ್ಕೆ ಶುಲ್ಕವಿಲ್ಲ. ಆ 60 ಅಂಗಿಗಳಲ್ಲಿ ಒಂದನ್ನು ಕಪಾಟಿನಲ್ಲಿ ಇರಿಸಿಕೊಂಡಿದ್ದೇವೆ. ಬೇಕಾದವರು ಅದನ್ನೂ ನೋಡಿಕೊಂಡು ಹೋಗಬಹುದು.