ಒತ್ತಡದ ಆಮ್ಲಜನಕದಿಂದ ರಕ್ತ ತೆಳುವಾಗುವುದೇ?

'ಡಾಕ್ಟ್ರೇ, ಆಮ್ಲಜನಕ ತುಂಬಿದ ಕೋಣೆಯಲ್ಲಿ ಕೂರಿಸಿದರೆ ರಕ್ತ ತೆಳುವಾಗಿ ಕಾಲಿಗೆ ಚೆನ್ನಾಗಿ ಹರಿಯುತ್ತದಂತೆ. ಅಪ್ಪನಿಗೆ ಕೊಡಿಸಲೇ?' ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ, ಮೂರು ತಿಂಗಳಾದರೂ ಮಾಯದ ಹಿರಿಯರೊಬ್ಬರ ಮಗ ಕೇಳಿದ ಪ್ರಶ್ನೆಯಿದು.

ಈ ಚಿಕಿತ್ಸೆಗೆ 'ಹೈಪರ್‌ಬಾರಿಕ್ ಆಕ್ಸಿಜನ್' ಎಂದು ಹೆಸರು. ವಾತಾವರಣದ ಎರಡರಿಂದ ಎರಡೂವರೆ ಪಟ್ಟು ಒತ್ತಡವಿರುವ ಕೋಣೆಯಲ್ಲಿ ರೋಗಿ ಸುಮಾರು 90 ನಿಮಿಷ ಶುದ್ಧ ಆಮ್ಲಜನಕ ಉಸಿರಾಡುತ್ತಾನೆ. ಹುಣ್ಣುಗಳಿಗೆ ಸಾಮಾನ್ಯವಾಗಿ 20ರಿಂದ 40 ಬಾರಿ ಬೇಕಾಗುತ್ತದೆ.

ಆಗ ದೇಹದಲ್ಲಿ ಏನಾಗುತ್ತದೆ? ಸಾಮಾನ್ಯವಾಗಿ ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್. ರಕ್ತದ ನೀರಿನಂಶವಾದ ಪ್ಲಾಸ್ಮಾದಲ್ಲಿ ಕರಗಿರುವುದು 100 ಮಿ.ಲೀ. ರಕ್ತಕ್ಕೆ ಕೇವಲ 0.3 ಮಿ.ಲೀ.ನಷ್ಟು. ಸೋಡಾದಲ್ಲಿ ಅನಿಲವನ್ನು ಒತ್ತಡದಿಂದ ಕರಗಿಸುವಂತೆ, ಮೂರು ಪಟ್ಟು ಒತ್ತಡದಲ್ಲಿ ಇದು ಸುಮಾರು 6 ಮಿ.ಲೀ.ಗೆ ಏರುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಸ್ತ್ರವೈದ್ಯ ಬೂರೆಮಾ, ಕೆಂಪುಕಣಗಳನ್ನು ಬಹುತೇಕ ತೆಗೆದ ಹಂದಿಗಳೂ ಇಂಥ ಒತ್ತಡದಲ್ಲಿ ಬದುಕಬಲ್ಲವೆಂದು ತೋರಿಸಿದರು.

ಮಧುಮೇಹಿಗಳಲ್ಲಿ ಕೆಂಪುಕಣಗಳು ಬಿರುಸಾಗಿ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ನುಸುಳಲು ತಿಣುಕುತ್ತವೆ. ಕಣಗಳು ಹೋಗಲಾಗದ ಕಡೆಗೂ ಪ್ಲಾಸ್ಮಾ ಹೋಗುತ್ತದೆ, ಜೊತೆಗೆ ಆಮ್ಲಜನಕವನ್ನೂ ಒಯ್ಯುತ್ತದೆ. ಪ್ರಯೋಜನವಿರುವುದು ಇಲ್ಲಿ. ಚಿಕಿತ್ಸೆಯಿಂದ ಕಣಗಳ ಬಾಗುವ ಗುಣ ಹೆಚ್ಚಿತೆಂದು ಕೆಲವು ಅಧ್ಯಯನಗಳು ಹೇಳಿದರೂ ಎಲ್ಲವೂ ಹಾಗೆ ಹೇಳುವುದಿಲ್ಲ. ಆದ್ದರಿಂದ ಇದನ್ನು 'ರಕ್ತ ತೆಳು ಮಾಡುವ' ಚಿಕಿತ್ಸೆ ಎನ್ನಲಾಗದು.

ಇನ್ನೊಂದು ಸಂಗತಿ ನಿಮಗೆ ಅಚ್ಚರಿ ತರಬಹುದು. ಅಧಿಕ ಆಮ್ಲಜನಕಕ್ಕೆ ರಕ್ತನಾಳಗಳು ಹಿಗ್ಗುವುದಿಲ್ಲ, ಕುಗ್ಗುತ್ತವೆ! ಹರಿವು ಕೊಂಚ ತಗ್ಗಿದರೂ ಪ್ರತಿ ಹನಿಯಲ್ಲೂ ಆಮ್ಲಜನಕ ಹೆಚ್ಚಿರುವುದರಿಂದ ನಷ್ಟವಿಲ್ಲ, ಊತವೂ ಇಳಿಯುತ್ತದೆ. ವಾರಗಳು ಕಳೆದಂತೆ ಹುಣ್ಣಿನ ಸುತ್ತ ಹೊಸ ಸಣ್ಣ ನಾಳಗಳು ಚಿಗುರುತ್ತವೆ.

ಆದರೆ ಕಾಲಿನ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದ್ದರೆ? ಈ ಕೋಣೆ ಅದನ್ನು ತೆರೆಯಲಾರದು. ಮೊದಲು ಪಾದದ ನಾಡಿ ನೋಡಿಸಿ, ಡಾಪ್ಲರ್ ಪರೀಕ್ಷೆ ಮಾಡಿಸಿ. ಅಡಚಣೆಯಿದ್ದರೆ ರಕ್ತನಾಳ ತಜ್ಞರನ್ನು ತಡಮಾಡದೆ ಕಾಣಿ. ಇಲ್ಲಿ ಕಳೆದುಹೋದ ದಿನಗಳಿಗೆ ಕಾಲನ್ನೇ ತೆರಬೇಕಾದೀತು.

ಕಿವಿನೋವು, ತಾತ್ಕಾಲಿಕ ದೃಷ್ಟಿ ವ್ಯತ್ಯಾಸ, ಸಕ್ಕರೆ ಇಳಿಯುವುದು, ಅಪರೂಪಕ್ಕೆ ಫಿಟ್ಸ್ ಇದರ ಅಡ್ಡ ಪರಿಣಾಮಗಳು. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದವರಿಗೆ ಅದನ್ನು ಸರಿಪಡಿಸುವವರೆಗೂ ಈ ಚಿಕಿತ್ಸೆ ಕೂಡದು.

ಹುಣ್ಣಿನ ಶುಚಿ, ಸಕ್ಕರೆಯ ಹತೋಟಿ, ಬೀಡಿ ಸಿಗರೇಟು ಬಿಡುವುದು, ಪಾದದ ಮೇಲೆ ಭಾರ ಹಾಕದಿರುವುದು ಇವೆಲ್ಲ ಇದ್ದರೆ ಮಾತ್ರ ಆಮ್ಲಜನಕ ನೆರವಾದೀತು. ಆ ಮಗನಿಗೂ ಹೀಗೇ ಹೇಳಿ, ಮೊದಲು ಡಾಪ್ಲರ್‌ಗೆ ಬರೆದುಕೊಟ್ಟೆ.